ಚಹಾ ಕಾಸಿದ ಒಲೆ

ಕಟಕೋಳದ ಬಾಯವ್ವನ ಮನೆಯಲ್ಲಿ ಎರಡು ಒಲೆ. ಪಡಸಾಲೆಯ ಬದಿಗೆ ಸರ್ಕಾರ ಕಟ್ಟಿಸಿಕೊಟ್ಟ ಹೊಗೆಯಿಲ್ಲದ ಒಲೆ. ಅದಕ್ಕೆ ಸುಣ್ಣ ಬಳಿದು, ರಂಗೋಲಿ ಎಳೆದು, ದೇವರ ಹಾಗೆ ಇಟ್ಟಿದ್ದರು. ಬಾಯಿ ಸಣ್ಣದು, ರೊಟ್ಟಿಯ ಹಂಚು ಕೂಡ್ರುತ್ತಿರಲಿಲ್ಲ, ರೊಟ್ಟಿ ನಿಲ್ಲಿಸಿ ಉಬ್ಬಿಸಲು ಮುಂದೆ ಕೆಂಡವೂ ಸಿಗುತ್ತಿರಲಿಲ್ಲ. ಹಾಗಾಗಿ ಹಿತ್ತಲಿನ ತಗಡಿನ ಕೋಣೆಯಲ್ಲಿ, ಮೂರು ಕಲ್ಲಿನ ಒಲೆಯ ಮುಂದೆ, ಸೊಸೆ ಗಂಗಾ ಎರಡು ಹೊತ್ತೂ ಹೊಗೆ ಕುಡಿಯುತ್ತಿದ್ದಳು. ಕೆಮ್ಮು ಹತ್ತಿ ವರ್ಷವಾಗಿತ್ತು.

ತೊಂಬತ್ತಾರರ ಬೇಸಿಗೆಯಲ್ಲಿ ಶೀತಲ ಬಂದಳು. ಧಾರವಾಡದಲ್ಲಿ ಓದುವ ಹುಡುಗಿ. ಹೊಸ ಒಲೆ ಹೇಗೆ ನಡೆದಿವೆ ಎಂದು ಮನೆಮನೆಗೆ ಕೇಳುವುದು ಅವಳ ಕೆಲಸ. ಬಿಸಿಲಿಗೆ ಮುಖ ಕೆಂಪಾಗಿತ್ತು. ಬಾಯವ್ವನ ಕರುಳು ಚುರ್ ಎಂದಿತು. ಮೊದಲ ಸಲ ಹೊಸಿಲು ದಾಟಿದ ಹೆಣ್ಣುಮಗಳೆಂದು, ರಂಗೋಲಿ ಒರೆಸಿ ಹೊಸ ಒಲೆಯ ಮೇಲೇ ಚಹಾ ಕಾಸಿದಳು.

"ಒಲಿ ಹೆಂಗೈತ್ರಿ ಅಕ್ಕಾರ?" ಶೀತಲ ಗಂಗಾಳನ್ನು ಕೇಳಿದಳು.

ಗಂಗಾ ಬಾಯಿ ತೆರೆಯುವಷ್ಟರಲ್ಲಿ ಬಾಯವ್ವನೇ ಅಂದಳು: "ಭಾಳ ಚಲೋ ಐತಿ ಯವ್ವಾ. ನೀನ ನೋಡಾಕಹತ್ತಿಯಲ್ಲ, ಹೊಗಿ ಎಲ್ಲೈತಿ?"

"ಮತ್ತ ಅಕ್ಕಾರಿಗೆ ಕೆಮ್ಮು?"

"ಥಂಡಿ ಆಗೇತಿ. ನಿನ್ನಿ ತಂಬಿಗಿಗಟ್ಲೆ ಮಜ್ಜಿಗಿ ಕುಡದಾಳ, ಹೊಟ್ಟಿಬಾಕಿ!"

ಎಲ್ಲರೂ ನಕ್ಕರು, ಗಂಗಾಳೂ. ಉಡಿ ತುಂಬಿ ಕಳಿಸಿದರು.

"ಖರೇ ಹೇಳಬೇಕಿತ್ತಲ್ಲ ಅತ್ತಿ," ಅಂದಳು ಗಂಗಾ ಆಮೇಲೆ.

"ಕೊಟ್ಟ ಕೈಗೆ ಹೆಸರಿಡಬಾರದವ್ವ, ಹುಳುಕು ತಗೀಬಾರದು. ಬಿಸಲಾಗ ಬಂದ ಹುಡುಗಿ, ಮಾರಿ ಸಣ್ಣ ಮಾಡ್ಕೊಂಡು ಹೋಗಬಾರದು."

ಓಣಿಯ ಎಲ್ಲ ಮನೆಯಲ್ಲೂ ಆ ಹುಡುಗಿಗೆ ಹೊಸ ಒಲೆಯ ಚಹಾವೇ ಸಿಕ್ಕಿತ್ತು.

ಮುಂದಿನ ವರ್ಷ ಅಕ್ಕಪಕ್ಕದ ಊರಿಗೆ ಗೋಬರ್ ಗ್ಯಾಸ್ ಬಂತು. ನಮಗೂ ಕೊಡ್ರಿ ಎಂದು ಕೇಳಲು ಬಾಯವ್ವ ರಾಮದುರ್ಗದ ತಾಲೂಕು ಕಚೇರಿಗೆ ಹೋದಳು. ಸಾಹೇಬರು ಸಮಾಧಾನದಿಂದಲೇ ಹೇಳಿದರು: "ಹೊಸ ಒಲಿ ಸರಿಯಾಗಿ ನಡೀಲಾರದ ಊರಿಗೆ ಮೊದಲು, ಅಜ್ಜಿ. ನಿಮ್ಮೂರಾಗ ಹೊಗಿನ ಇಲ್ಲಂತ ಸರ್ವೇದಾಗ ಬಂದೈತಿ."

ಆ ಚಳಿಗಾಲ ಗಂಗಾ ಹೋದಳು. ಉಸಿರು ಸಾಲದೆ ಹೋದಳು.

ಏಳೆಂಟು ವರ್ಷದ ಮೇಲೆ ಶೀತಲ ಮತ್ತೆ ಬಂದಳು, ಈಗ ದೊಡ್ಡ ಕೆಲಸದಲ್ಲಿದ್ದಳು. "ನೀವು ಚಲೋ ಐತಿ ಅಂದದ್ದಕ್ಕ ಹತ್ತೂರಾಗ ಇದ ಒಲಿ ಕಟ್ಟಿಸಿದ್ರು ಅಜ್ಜಿ," ಎಂದು ಹಿಗ್ಗಿ, "ಗಂಗಕ್ಕ ಎಲ್ಲಿ?" ಎಂದಳು.

ಬಾಯವ್ವ ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಕಪ್ಪಿಟ್ಟ ಗೋಡೆಯ ಬುಡದಲ್ಲಿ, ಗಂಗಾ ಕೂಡ್ರುತ್ತಿದ್ದ ಮಣೆಯ ಮೇಲೆ ಕೂಡ್ರಿಸಿ, ಮೂರು ಕಲ್ಲಿನ ನಡುವೆ ಹತ್ತಿಕಟ್ಟಿಗೆ ತುರುಕಿ ಊದಿದಳು. ಹೊಗೆ ಎದ್ದಿತು. ಶೀತಲ ಕೆಮ್ಮಿ ಏಳಹೋದಳು.

"ಕುಂದರವ್ವ. ರೊಟ್ಟಿ ಮುಗಿಯೂತನಾ ಆಕಿ ಇಲ್ಲೇ ಕುಂದರತಿದ್ಲು."

ಶೀತಲಳಿಗೆ ತಿಳಿಯಿತು. ಕೂತಳು. "ಅವತ್ತ ಯಾಕ ಹೇಳಲಿಲ್ಲ ಅಜ್ಜಿ?" ಎಂದಳು.

"ಬಿಸಲಾಗ ಬಂದಿದ್ದಿ ಮಗಳ," ಅಂದಳು ಬಾಯವ್ವ, ಹಂಚು ಇಟ್ಟಳು.