ಅಳಿಯನಿಗೆ ಇರಬೇಕಾದ ಎಲ್ಲ ಗುಣ

ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ನಂಜುಂಡಸ್ವಾಮಿಗೆ ತನ್ನ ಬಾಯಿಯ ದೆಸೆಯಿಂದಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಹಾಗಾಗಿ ಒಂಟಿಕೊಪ್ಪಲಿನ ಶಿವಮಲ್ಲಪ್ಪನವರ ಮಗಳನ್ನು ನೋಡಲು ಹೊರಟಾಗ ಸೋದರಮಾವ ಬಸವರಾಜಪ್ಪ ಜಟಕಾದಲ್ಲೇ ಭಾಷೆ ತೆಗೆದುಕೊಂಡಿದ್ದರು.

"ಹೊಗಳೋದು ನನ್ನ ಕೆಲಸ, ಉಪ್ಪಿಟ್ಟು ತಿನ್ನೋದು ನಿನ್ನ ಕೆಲಸ. ಬಾಯಿ ಬುಟ್ಟೀಯ, ಜೋಕೆ."

ಉಪ್ಪಿಟ್ಟು ಅರ್ಧ ಮುಗಿಯುವವರೆಗೆ ಎಲ್ಲ ನೆಟ್ಟಗಿತ್ತು. ಹುಡುಗಿ ಚೂಡಾಮಣಿ ತಟ್ಟೆ ಇಡುವಾಗ, ಯಾರೂ ಕೇಳದಿದ್ದರೂ, "ಇದು ಅಮ್ಮ ಮಾಡಿದ್ದು, ನಾನಲ್ಲ" ಎಂದಿದ್ದಳು. ಅಷ್ಟಕ್ಕೇ ಅವಳು ಅವನಿಗೆ ಹಿಡಿಸಿಬಿಟ್ಟಿದ್ದಳು. ಈ ಸಂಬಂಧ ಮಾತ್ರ ಕೈತಪ್ಪಬಾರದು ಎಂದುಕೊಂಡ.

ಅಷ್ಟರಲ್ಲಿ ಬಸವರಾಜಪ್ಪನವರು, "ಒಳ್ಳೆ ಅಳಿಯನಿಗೆ ಇರಬೇಕಾದ ಎಲ್ಲ ಗುಣವೂ ನಮ್ಮ ಹುಡುಗನಿಗೆ ಅವೆ ಕಣ್ರೀ" ಎಂದರು.

ನಂಜುಂಡಸ್ವಾಮಿ ತುಟಿ ಕಚ್ಚಿಕೊಂಡ. ಆಗಲಿಲ್ಲ.

"ಎಲ್ಲ ಗುಣ ಅಂತ ಅಷ್ಟು ಸಲೀಸಾಗಿ ಅನ್ನೋ ಹಾಗಿಲ್ಲ, ಮಾವ."

"ಅಂದ್ರೆ, ಗುಣ ಇಲ್ವೇ?" ಎಂದರು ಶಿವಮಲ್ಲಪ್ಪ.

"ಹಾಗಲ್ಲ ಸಾರ್. ಈ ಮನೆ ಕುರ್ಚಿಗಳಿಗೆಲ್ಲ ಕಾಲಿದೆ ಅಂದ್ರೆ ಕುರ್ಚಿ ತೋರಿಸಬಹುದು. ಅದು ಮೊದಲನೇ ಮೆಟ್ಟಿಲಿನ ತರ್ಕ. ಗುಣಗಳನ್ನೇ ಹಿಡಿದು 'ಎಲ್ಲ' ಅನ್ನೋದು ಎರಡನೇ ಮೆಟ್ಟಿಲು. ಅಲ್ಲಿ ಗುಣಗಳೂ ಕುರ್ಚಿಗಳ ಹಾಗೆ ಎಲ್ಲೋ ಇವೆ ಅಂತ ಒಪ್ಪಬೇಕಾಗುತ್ತೆ. ಅಷ್ಟೆಲ್ಲ ಒಪ್ಪಿದ ಮೇಲೆ ಅದು ಇನ್ನೂ ತರ್ಕವೇನಾ ಅಂತ ದೊಡ್ಡದೊಡ್ಡ ವಿದ್ವಾಂಸರಲ್ಲೇ ಜಗಳ."

"ನಮ್ಮ ಕುರ್ಚಿಗೆ ಏನಾಗಿದೆ ಈಗ?"

ಬಸವರಾಜಪ್ಪ ಹಣೆ ಒತ್ತಿಕೊಂಡರು. "ಮೂರನೇದೂ ಹೋಯ್ತು ಕಣೋ."

ಚಾಪೆಯ ಮೇಲೆ ಕೂತಿದ್ದ ಚೂಡಾಮಣಿ ತಲೆಯೆತ್ತಿದಳು. "ಗುಣ ಎಲ್ಲಿವೆ ಅಂತ ಹುಡುಕ್ಕೊಂಡು ಹೋಗೋದು ಯಾಕೆ ಅಪ್ಪಾಜಿ? ದೊಡ್ಡೋರು ಹೊಗಳುವಾಗ ಸುಮ್ನಿರೋದು ಅಳಿಯನಿಗೆ ಇರಬೇಕಾದ ಒಂದು ಗುಣ ತಾನೇ? ಇವರು ಸುಮ್ನಿರಲಿಲ್ಲ. ಎಲ್ಲ ಗುಣ ಇದೆ ಅನ್ನೋ ಮಾತು ಅಲ್ಲಿಗೇ ಸುಳ್ಳಾಯ್ತು."

ನಂಜುಂಡಸ್ವಾಮಿಗೆ ಎಷ್ಟು ಸಂತೋಷವಾಯಿತೆಂದರೆ, ತಾನು ಸೋತದ್ದೇ ಮರೆತುಹೋಯಿತು. "ಸರಿಯಾಗಿದೆ. ಆದ್ರೆ ಸುಮ್ನಿರೋದನ್ನ ನೀವೂ ಒಂದು ಕುರ್ಚಿ ಮಾಡಿದ್ರಿ."

"ಕೂರೋದಕ್ಕೆ ಬಂತಲ್ಲ, ಸಾಕು."

"ಹಾಗಾದ್ರೆ ಬೇಡ ಅನ್ನೋಣವೇನಮ್ಮ?" ಶಿವಮಲ್ಲಪ್ಪ ಮೆಲ್ಲಗೆ ಕೇಳಿದರು.

"ಅಳಿಯನಾಗಿ ಫೇಲು ಅಪ್ಪಾಜಿ, ಅದು ನಿಮ್ಮ ಕಷ್ಟ. ಗಂಡನಿಗೆ ಏನೇನಿರಬೇಕು ಅಂತ ಇನ್ನೂ ಯಾರೂ ಹೇಳಿಲ್ಲ. ಅದನ್ನ ನಾನೇ ಒಂದೊಂದಾಗಿ ಕೇಳ್ಕೋತೀನಿ." ಅವನತ್ತ ತಿರುಗಿದಳು. "ನಾನು ಸರಿಯಾಗಿ ಹೇಳಿದಾಗಲೆಲ್ಲ ಹೀಗೇ ಒಪ್ಕೋತೀರಾ?"

"ಹೇಳಿದಾಗಲೆಲ್ಲ ಅಂದ್ರೆ..."

"ಇವತ್ತಿಗೆ."

"ಹ್ಞೂಂ" ಎಂದ ನಂಜುಂಡಸ್ವಾಮಿ.

ಶಿವಮಲ್ಲಪ್ಪ ಪಂಚಾಂಗ ತರಲು ಒಳಗೆ ಹೋದರು.