ಕಣ್ಣು ಮುಚ್ಚಿ ನೋಡಿದ ಸಿನಿಮಾ

ಹೆಂಡತಿ ತೀರಿಕೊಂಡ ವರ್ಷವೇ ಆಕೆಯ ಕಾದಂಬರಿಯನ್ನು ಸಿನಿಮಾ ಮಾಡಲು ಮಗಳು ಹೊರಟದ್ದು ಮುದುಕ ದರ್ಜಿಗೆ ಹಿಡಿಸಿರಲಿಲ್ಲ. ಜನರನ್ನು ಸೆರೆಗೆ ತಳ್ಳಿ ಆಳಿದ ಒಬ್ಬ ಅಧಿಕಾರಿಯ ಕಥೆ ಅದು. ಹಿಂದೊಮ್ಮೆ ಸಿನಿಮಾ ಆಗಿ ಕೆಟ್ಟಿತ್ತು. ಅದರಲ್ಲಿ ಅಧಿಕಾರಿ ಕೊನೆಗೆ ಕಣ್ಣೀರಿಟ್ಟು ಒಳ್ಳೆಯವನಾಗಿಬಿಟ್ಟಿದ್ದ. ಅದನ್ನು ನೋಡಲಾರದೆ ಹೆಂಡತಿ ಎದ್ದು ಬಂದಿದ್ದಳು. ಒಮ್ಮೆ ಕೈ ಸುಟ್ಟುಕೊಂಡ ಮೇಲೆ ಮತ್ತೆ ಒಲೆ ಮುಟ್ಟುವುದೇಕೆ ಎಂದು ದರ್ಜಿ ಕೇಳಿದ್ದಕ್ಕೆ, ಈಗ ಪುಸ್ತಕ ಓದುವವರು ಯಾರು, ಸಿನಿಮಾ ಬಂದರೆ ಅಮ್ಮನ ಹೆಸರು ನಾಲ್ಕು ಜನರ ಬಾಯಲ್ಲಿ ಉಳಿಯುತ್ತದೆ ಎಂದಿದ್ದಳು ಮಗಳು. ನೀನು ನೋಡಿ ಒಪ್ಪಿದರೆ ಮಾತ್ರ ಪರದೆಯ ಮೇಲೆ ಆ ಹೆಸರು ಹಾಕುತ್ತೇನೆ ಎಂದು ಮಾತೂ ಕೊಟ್ಟಿದ್ದಳು.

ಆ ದಿನ ಬಂತು. ಎಡಿಟಿಂಗ್ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಅದರ ಅಂಚು ಮುಟ್ಟಿ ನೋಡಿದರೆ ಹೊಲಿಗೆ ಬಿಟ್ಟಿತ್ತು. ದರ್ಜಿ ದೇವರನ್ನು ನೆನೆದು ಕುರ್ಚಿಯಲ್ಲಿ ಕೂತ. ದೀಪ ಆರಿದ್ದೇ ಕಣ್ಣು ಮುಚ್ಚಿದ.

ಅದು ಹಳೆಯ ಅಭ್ಯಾಸ. ಹಗಲೆಲ್ಲ ಸೂಜಿಗೆ ದಾರ ಪೋಣಿಸಿ ಕಣ್ಣು ಉರಿಯುತ್ತಿತ್ತು. ಅಂಗಡಿ ಮುಚ್ಚಿ ಬಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ, ಅಂದು ಬರೆದದ್ದನ್ನು ಹೆಂಡತಿ ಓದಿ ಹೇಳುತ್ತಿದ್ದಳು. ಇಡೀ ಕಾದಂಬರಿಯನ್ನು ಅವನು ಕೇಳಿದ್ದು ಹಾಗೆಯೇ. ಒಂದೇ ಸಲ ಕಣ್ಣು ತೆರೆದಿದ್ದ. ಸೆರೆಮನೆಯ ಬಾಗಿಲಲ್ಲಿ ಹೆಂಗಸರು ಊಟದ ಡಬ್ಬಿ ಹಿಡಿದು ಸಾಲಾಗಿ ನಿಂತ ಪುಟ ಅದು. ಸೆರೆಯಲ್ಲಿದ್ದ ತನ್ನ ತಮ್ಮನಿಗಾಗಿ ಆಕೆಯೂ ಹಾಗೆ ನಿಂತವಳೇ. ಓದುತ್ತಿದ್ದ ದನಿ ನಿಂತುಹೋಗಿತ್ತು. ಆಕೆ ಹಾಳೆಯನ್ನೇ ನೋಡುತ್ತ ಕೂತಿದ್ದಳು.

ಈಗ ಕಿವಿಗೆ ಬಿದ್ದದ್ದು ನಗಾರಿ. ಅಧಿಕಾರಿ ನಡೆದರೆ ನಗಾರಿ, ಕೂತರೆ ನಗಾರಿ, ಮೂಗು ಒರೆಸಿಕೊಂಡರೂ ನಗಾರಿಯೇ ಇದ್ದೀತು. ಪುಸ್ತಕದಲ್ಲಿ ಮೆಲ್ಲಗೆ ಮಾತಾಡಿ ಮನೆ ಹಾಳು ಮಾಡುತ್ತಿದ್ದ ಆಸಾಮಿ ಇಲ್ಲಿ ಗುಡುಗುತ್ತಿದ್ದ. ಹಿಂದೆ ಕೂತಿದ್ದ ನಿರ್ಮಾಪಕ ಒಂದೊಂದು ಗುಡುಗಿಗೂ ತೊಡೆ ತಟ್ಟುತ್ತಿದ್ದ.

ನಡುವೆ ಒಮ್ಮೆ ಎಲ್ಲ ಸದ್ದೂ ನಿಂತಿತು. ಡಬ್ಬಿಯ ಮುಚ್ಚಳ ಅಲುಗಿತು. ಯಾರೋ ಕಾಲು ಬದಲಿಸಿದರು. ದರ್ಜಿ ಕಣ್ಣು ತೆರೆದ. ಹೆಂಗಸರ ಬೆನ್ನುಗಳ ಒಂದು ಸಾಲು, ಮುಚ್ಚಿದ ಬಾಗಿಲು. ಹಿಂದೆ ನಿರ್ಮಾಪಕ ಆಕಳಿಸಿದ. ಮತ್ತೆ ನಗಾರಿ ಶುರುವಾಯಿತು, ದರ್ಜಿಯ ಕಣ್ಣು ಮುಚ್ಚಿತು.

ಸಿನಿಮಾ ಮುಗಿಯಿತು. ನಿರ್ಮಾಪಕ ಫೋನು ಹಿಡಿದು ಹೊರಗೆ ಹೋದ. ಮಗಳ ಮುಖ ಊದಿಕೊಂಡಿತ್ತು.

"ಇದಕ್ಕೋಸ್ಕರ ನಿದ್ದೆಗೆಟ್ಟಿದ್ದೀನಿ. ನೀನು ಬಂದು ನಿದ್ದೆ ಮಾಡಿದೆ."

"ನಿನ್ನ ನಗಾರಿ ಬಿಟ್ಟರೆ ತಾನೆ ನಿದ್ದೆ," ಎಂದ ದರ್ಜಿ. "ನಿಮ್ಮಮ್ಮ ಓದಿದ್ದನ್ನ ಕೇಳಿದ ಹಾಗೇ ಕೇಳಿದೆ. ಅವನನ್ನ ಕಂಡರೆ ಜನ ಶಿಳ್ಳೆ ಹೊಡೀತಾರೆ ಮಗಳೇ. ಯಾರನ್ನ ಕೊಂದ ಅಂತ ಯಾರೂ ಕೇಳಲ್ಲ."

ಸಿನಿಮಾ ಬೇರೆ, ಪುಸ್ತಕ ಬೇರೆ, ಬದಲಾಯಿಸದೆ ಆಗುವುದಿಲ್ಲ ಎಂದು ಅವಳು ವಾದಿಸಿದಳು.

"ಮೈಗೆ ತಕ್ಕ ಹಾಗೆ ಬಟ್ಟೆ ಕತ್ತರಿಸು, ಬೇಡ ಅನ್ನಲ್ಲ. ಬಟ್ಟೆಗೆ ತಕ್ಕ ಹಾಗೆ ಮೈ ಕತ್ತರಿಸ್ತಾರೇನೆ?"

"ನಾನು ಏನು ಮಾಡಿದ್ರೂ ನಿನಗೆ ಹಿಡಿಸ್ತಿರಲಿಲ್ಲ ಅಪ್ಪ. ನಿನಗೆ ಬೇಕಾಗಿರೋದು ಅಮ್ಮ, ಸಿನಿಮಾ ಅಲ್ಲ."

ಆ ಮಾತು ದರ್ಜಿಗೆ ನಾಟಿತು.

"ಹೌದು. ಆ ಹೆಂಗಸರ ಸಾಲಲ್ಲಿ ಸಿಕ್ಕಳು. ಅಲ್ಲಿ ಮಾತ್ರ ಕಣ್ಣು ತೆರೆದೆ. ಉಳಿದದ್ದನ್ನ ಹಾಗೆ ಮಾಡಿ ಹೆಸರು ಹಾಕು."

ಮಗಳು ಪರದೆಯ ಕಡೆ ತಿರುಗಿಕೊಂಡಳು. "ನಿರ್ಮಾಪಕರು ಅದನ್ನೇ ತೆಗೆಯೋಕೆ ಹೇಳಿದ್ದಾರೆ. ಬೋರ್ ಹೊಡೆಯುತ್ತಂತೆ."

"ಹಾಗಾದ್ರೆ ಹೆಸರನ್ನೂ ತೆಗೆ. ಒಂದೇ ಕತ್ತರಿಗೆ ಎರಡೂ ಹೋಗಲಿ."

ಅವನು ಚಪ್ಪಲಿ ಮೆಟ್ಟಿ ಬಾಗಿಲು ದಾಟಿದ. ಒಳಗೆ ಬಂದ ನಿರ್ಮಾಪಕ ಏನಾಯಿತೆಂದು ಕೇಳಿದ್ದು, ಅಪ್ಪ ಒಪ್ಪಲಿಲ್ಲ ಎಂದು ಮಗಳು ಹೇಳಿದ್ದು ಕಿವಿಗೆ ಬಿತ್ತು.

"ಒಳ್ಳೇದೇ ಆಯ್ತು ಬಿಡಿ," ಎಂದ ನಿರ್ಮಾಪಕ. "ಕಥೆ ನಮ್ಮದೇ ಅಂತ ಹಾಕ್ಕೊಳ್ಳೋಣ."

ದರ್ಜಿ ಮೆಟ್ಟಿಲಿಗಿಟ್ಟ ಕಾಲು ಹಿಂದಕ್ಕೆ ತೆಗೆದ. ಹೆಸರನ್ನು ಕಾಪಾಡಿದೆನೆಂದು ತಿಳಿದಿದ್ದ; ಕಳ್ಳನಿಗೆ ತಾನೇ ಬಾಗಿಲು ತೆಗೆದುಕೊಟ್ಟಿದ್ದ. ದೇವರೇ ಎಂದುಕೊಂಡು ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತ.

"ಆ ಸಾಲು ಮತ್ತೆ ಹಾಕು ಮಗಳೇ. ಇವರೂ ನೋಡಲಿ. ಹೆಸರು ಬರೋ ತನಕ ನಾನು ದಿನಾ ಬಂದು ಇಲ್ಲೇ ಕೂರ್ತೀನಿ."

ಟೈಮಿಲ್ಲ ಎಂದ ನಿರ್ಮಾಪಕ. ಮಗಳು ಅವನ ಮುಖ ನೋಡಲಿಲ್ಲ. ದೀಪ ಆರಿಸಿದಳು. ಹೆಂಗಸರ ಬೆನ್ನುಗಳು ಬಂದವು. ದರ್ಜಿ ರೆಪ್ಪೆ ಮಿಟುಕಿಸದೆ ಕೂತ.