ಕಾವಲಿಯ ಮೇಲೆ ಕಾದ ಚಾಕು

ಬೀದಿಯವರ ಬಾಯಲ್ಲಿ ಅವನು ಚಾಕಣ್ಣ, ಅವಳು ಹಿಡಿಯಕ್ಕ. ಅಲಗು ಮಾಡುವುದು ಗಂಡ, ಅದಕ್ಕೆ ಮರದ ಹಿಡಿ ಕೂರಿಸುವುದು ಹೆಂಡತಿ. ಮದುವೆಯಾದಾಗಿನಿಂದ ಇದೇ ಏರ್ಪಾಡು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರು ಮಾಡುತ್ತಿದ್ದದ್ದು ಒಂದೇ ಬಗೆಯ ಚಾಕು. ಮಡಚುವಂಥದ್ದಲ್ಲ, ಜೇಬಿನಿಂದ ತೆಗೆದು ಶೋಕಿ ಮಾಡುವಂಥದ್ದೂ ಅಲ್ಲ. ಸವೆದ ಗರಗಸದಿಂದ ಕತ್ತರಿಸಿದ ಒಂದು ತುಂಡು ಉಕ್ಕು, ಎರಡು ಪಕ್ಕ ಮರ, ಹಿತ್ತಾಳೆಯ ಮೊಳೆ, ಹಳೇ ಬೆಲ್ಟಿನ ಒರೆ. ಅಗ್ಗದ ಮಾಲು. ಮೀನು ಮಾರುವವರು, ತೋಟದ ಕೆಲಸದವರು, ಲಾರಿಯವರು, ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವವರು ಎಲ್ಲರೂ ಅದನ್ನೇ ಕೊಳ್ಳುತ್ತಿದ್ದರು. "ಮಡಚೋದು ನನ್ನ ಚಾಕುಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ" ಅಂತ ಚಾಕಣ್ಣ ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದ. ಆ ಎರಡನೆಯ ಮಾತು ಎಷ್ಟು ನಿಜ ಅಂತ, ಅವನ ಹಟ ಕಂಡ ಹೆಂಡತಿಯನ್ನು ಕೇಳಬೇಕು.

ಚಾಕುವಿನ ಜೀವ ಇರುವುದೇ ಹದದಲ್ಲಿ. ಕೆಂಪಗೆ ಕಾದ ಅಲಗನ್ನು ಎಣ್ಣೆಗೆ ಅದ್ದಿದರೆ ಅದು ಗಾಜಿನ ಹಾಗೆ ಗಡುಸಾಗುತ್ತದೆ. ಆಗ ಚೆನ್ನಾಗಿಯೇ ಕೊಯ್ಯುತ್ತದೆ, ಆದರೆ ಒಂಚೂರು ತಿರುಚಿದರೆ ಪಟ್ಟಂತ ಮುರಿಯುತ್ತದೆ. ಅದಕ್ಕೇ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಸಣ್ಣ ಉರಿಯಲ್ಲಿ ಇನ್ನೊಮ್ಮೆ ಕಾಯಿಸಬೇಕು. ಬಿಳಿ ಉಕ್ಕಿನ ಮೇಲೆ ಮೊದಲು ತೆಳು ಹಳದಿ ಏಳುತ್ತದೆ, ಆಮೇಲೆ ಜೇನಿನ ಬಣ್ಣ. ಜೇನಿನ ಬಣ್ಣ ಬಂತೋ, ತೆಗೆದುಬಿಡಬೇಕು. ಇದನ್ನು ಅಳೆಯಲು ಚಾಕಣ್ಣನ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಅವನಿಗೆ ಕಣ್ಣೇ ಎಲ್ಲ.

ಆ ಕಣ್ಣಿಗೆ ಈಗ ಪೊರೆ ಬಂದಿತ್ತು. "ಎರಡೂ ಕಡೆ ಬಲೀತಾ ಇದೆ, ಬೇಗ ತೆಗೆಸಿಬಿಡಿ. ಬಿಟ್ಟಷ್ಟೂ ಕಷ್ಟ" ಅಂತ ಕಣ್ಣಿನ ಡಾಕ್ಟರು ಹೇಳಿದ್ದರು. ಚಾಕಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. "ಕಣ್ಣಿಗೆ ಚಾಕು ಹಾಕಿಸ್ಕೊಳ್ಳೋಕೆ ನಾನೇನು ಮೀನಾ?" ಅಂದ. ಜೀವಮಾನವೆಲ್ಲ ಚಾಕು ಮಾಡಿದ ಮಹಾನುಭಾವನಿಗೆ ಚಾಕು ಅಂದರೆ ಎದೆ ಡವಡವ.

ಹೀಗಿರುವಾಗ ಒಂದು ಬೆಳಿಗ್ಗೆ ಮೀನಿನ ಅಂಗಡಿಯ ಹೆಂಗಸು ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಮುರಿದ ಚಾಕುವಿನ ಎರಡು ತುಂಡನ್ನೂ ಜಗಲಿಯ ಮೇಲಿಟ್ಟಳು.

"ಅಕ್ಕಾ, ನಿಮ್ಮ ಮನೆ ಚಾಕು ಯಾವತ್ತೂ ಹೀಗೆ ಮಾಡಿರಲಿಲ್ಲ. ಐಸ್ ಗಡ್ಡೆ ಬಿಡಿಸೋಕೆ ಸ್ವಲ್ಪ ಮೀಟಿದೆ, ಅಷ್ಟೇ."

ಆ ವಾರ ಇನ್ನೂ ಕೆಲವರು ಬಂದರು. ಚಾಕಣ್ಣ ಗರಗಸ ಮಾರಿದವನನ್ನು ಬೈದ, ಎಣ್ಣೆ ಕೊಟ್ಟವನನ್ನು ಬೈದ, ಇದ್ದ ಎಣ್ಣೆಯನ್ನೆಲ್ಲ ಚೆಲ್ಲಿ ಹೊಸದು ತಂದ. ಬೈಯುವಷ್ಟು ಬೈದು ಚಹಾ ಕುಡಿಯಲು ಕೂತವನು ಲೋಟವನ್ನು ಎತ್ತಿ ನೋಡಿ, "ಇದೇನೇ, ಈ ಹಳದಿ ಲೋಟ ಯಾವಾಗ ತಂದೆ?" ಅಂದ.

ಲೋಟ ಬಿಳಿ. ವರ್ಷಗಳಿಂದ ಅವನು ಕುಡಿಯುತ್ತಿದ್ದದ್ದೂ ಅದರಲ್ಲೇ. ಹಿಡಿಯಕ್ಕ ಮೊದಲು ನಕ್ಕಳು. ಆಮೇಲೆ ಅದನ್ನು ತೊಳೆಯುವಾಗ ಅವಳ ಕೈ ನಿಂತುಹೋಯಿತು. ಬಿಳಿ ಲೋಟ ಹಳದಿಯಾಗಿ ಕಂಡ ಮೇಲೆ ಬಿಳಿ ಉಕ್ಕೂ ಹಾಗೇ ಕಾಣಬೇಕಲ್ಲ! ಬಣ್ಣ ಏಳುವ ಮೊದಲೇ ಅವನಿಗೆ ಜೇನು ಕಾಣುತ್ತಿತ್ತು, ಹದ ಬಂತೆಂದು ತೆಗೆದುಬಿಡುತ್ತಿದ್ದ.

"ರೀ, ಬಣ್ಣ ಇನ್ನೂ ಬಂದಿಲ್ಲ ಅನ್ಸುತ್ತೆ" ಅಂತ ಮಾರನೆಯ ದಿನ ಮೆಲ್ಲಗೆ ಹೇಳಿ ನೋಡಿದಳು.

"ನೀನು ಹಿಡಿ ನೋಡ್ಕೋ. ಬಣ್ಣ ನಾನು ನೋಡ್ಕೋತೀನಿ."

ಅಲ್ಲಿಗೆ ಮಾತು ಮುಗಿಯಿತು. ಆದರೆ ಅವಳ ಕಣ್ಣ ಮುಂದಿನಿಂದ ಬಟ್ಟೆ ಸುತ್ತಿದ ಅಂಗೈ ಹೋಗಲಿಲ್ಲ. ಅಲಗುಗಳು ಹಿಡಿಗೆಂದು ಹೇಗೂ ಅವಳ ಕೈಗೇ ಬರುತ್ತಿದ್ದವು. ಊಟವಾದ ಮೇಲೆ ಚಾಕಣ್ಣ ಶೆಡ್ಡಿನ ಬೆಂಚಿನ ಮೇಲೆ ಗೊರಕೆ ಹೊಡೆಯುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ದಪ್ಪ ಕಬ್ಬಿಣದ ಕಾವಲಿ ಇಟ್ಟು, ಅಲಗುಗಳನ್ನು ಸಾಲಾಗಿ ಮಲಗಿಸಿ, ಜೇನಿನ ಬಣ್ಣ ಬರುವ ತನಕ ಕಾದು ತೆಗೆಯತೊಡಗಿದಳು. ಇಕ್ಕಳಗಳೆಲ್ಲ ಇದ್ದದ್ದು ಅವನು ಮಲಗಿದ ಬೆಂಚಿನ ಮೇಲಿನ ಗೋಡೆಯಲ್ಲಿ. ಅವನ್ನು ಮುಟ್ಟಿದರೆ ಸದ್ದಾಗಿ ಅವನಿಗೆ ಎಚ್ಚರವಾಗುವುದು ಖಂಡಿತ. ಹಾಗಾಗಿ ಅವಳಿಗೆ ಮಸಿಬಟ್ಟೆಯೇ ಗತಿ.

ಚಾಕು ಮುರಿಯುವುದು ನಿಂತಿತು. ಮೀನಿನ ಅಂಗಡಿಯವಳು ಬಂದು, "ಅಣ್ಣಾ, ಈ ಸಲದ್ದು ಬಂಗಾರ ಕಣಣ್ಣಾ" ಅಂತ ಹೊಗಳಿಯೂ ಹೋದಳು. ಚಾಕಣ್ಣ ಮೀಸೆ ತಿರುವಿದ. "ನೋಡಿದ್ಯಾ? ಎಣ್ಣೆ ಬದಲಾಯಿಸಿದೆ, ಸರಿಹೋಯ್ತು. ಕಣ್ಣು ಕಾಣದೇ ಇದ್ದಿದ್ರೆ ಇಂಥ ಚಾಕು ಬರ್ತಿತ್ತಾ? ಆ ಡಾಕ್ಟರಿಗೆ ಬೇರೆ ಕೆಲಸ ಇಲ್ಲ."

ಹಿಡಿಯಕ್ಕನಿಗೆ ಹೊಟ್ಟೆ ಉರಿಯಿತು. ಕೆಲಸ ತನ್ನದು, ಮೀಸೆ ಅವನದು. ಆದರೆ ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ತಾನು ಕದ್ದುಮುಚ್ಚಿ ಸರಿಮಾಡುವಷ್ಟು ದಿನವೂ ಈ ಮನುಷ್ಯ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಸರಿಮಾಡುವುದನ್ನು ಬಿಟ್ಟರೆ ಇನ್ಯಾರದೋ ಕೈ ಕುಯ್ದುಹೋಗುತ್ತದೆ. ಆಗಲೇ ಅವನು ಬಾಗಿಲಿನ ಚೌಕಟ್ಟನ್ನು ತಡವಿಕೊಂಡು ಒಳಗೆ ಬರುತ್ತಿದ್ದ. ಅನ್ನ ಬಡಿಸಿದರೆ ತಟ್ಟೆಯ ಪಕ್ಕಕ್ಕೆ ಕೈ ಹಾಕುತ್ತಿದ್ದ. ಅವನು ಪೂರ್ತಿ ಕುರುಡನಾದರೆ ಅದರಲ್ಲಿ ತನ್ನ ಕಾವಲಿಯ ಪಾಲೂ ಇರುತ್ತದೆ ಅನ್ನಿಸಿತು ಅವಳಿಗೆ.

ಒಂದು ದಿನ ಅವಳು ಎರಡು ಚಾಕು ಹಿಡಿದುಕೊಂಡು ಶೆಡ್ಡಿಗೆ ಬಂದಳು.

"ಇವೆರಡೂ ಒಂದೇ ಗರಗಸದವು. ನೀವೇ ಕತ್ತರಿಸಿದ್ದು, ನೀವೇ ಹದ ಮಾಡಿದ್ದು. ಒಂದೊಂದನ್ನೂ ಬೆಂಚಿನ ವೈಸಿಗೆ ಕಚ್ಚಿಸಿ ಬಗ್ಗಿಸಿ ನೋಡಿ."

"ಏನೇ ಇದು, ನನಗೇ ಪರೀಕ್ಷೆನಾ?"

"ಹೌದೂಂತ ಅಂದ್ಕೊಳ್ಳಿ."

ತುಂಡು ಸಿಡಿದೀತೆಂದು ಅವಳು ಮೇಲೆ ದಪ್ಪ ಗೋಣಿಚೀಲ ಹೊದಿಸಿದಳು. ಮೊದಲನೆಯದು ಬಾಗಿತು, ಬಿಟ್ಟಾಗ ನೆಟ್ಟಗೆ ನಿಂತಿತು. ಎರಡನೆಯದು ಗೋಣಿಯ ಒಳಗೇ ಪಟ್ಟೆಂದಿತು.

"ಉಕ್ಕು ಸರಿ ಇಲ್ಲ" ಅಂದ ಚಾಕಣ್ಣ ಬಾಯಿಪಾಠದ ಹಾಗೆ. ಮುರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಬಹಳ ಹೊತ್ತು ಆಡಿಸಿದ. ಕಣ್ಣು ಹೋದರೂ ಬೆರಳಿಗೆ ಉಕ್ಕಿನ ಗುರುತು ಇತ್ತು.

"ಆ ಇನ್ನೊಂದನ್ನ ಯಾರು ಹದ ಮಾಡಿದ್ದು?"

"ನೀವೇ. ಆಮೇಲೆ ಸ್ವಲ್ಪ ನಾನು. ಅಡುಗೆಮನೆ ಕಾವಲಿ ಮೇಲೆ."

"ಯಾವಾಗಿಂದ?"

"ಮೀನಿನ ಅಂಗಡಿಯವಳು ಕೈ ಕುಯ್ಕೊಂಡಾಗಿಂದ."

ಅವನ ಮುಖ ಕಪ್ಪಿಟ್ಟಿತು. "ಎಲ್ಲರೂ ಹೊಗಳ್ತಾ ಇದ್ರು. ನಾನು ಮೀಸೆ ತಿರುವ್ಕೊಂಡು ನಿಂತಿದ್ದೆ. ನೀನು ನೋಡ್ತಾ ಇದ್ದೆ."

"ಹೂಂ, ನೋಡ್ತಾ ಇದ್ದೆ. ಚೆನ್ನಾಗೇ ಕಾಣ್ತಿದ್ರಿ."

ಅವನು ನಗಲಿಲ್ಲ. ಆ ದಿನ ಮತ್ತೆ ಒಲೆ ಹೊತ್ತಿಸಲಿಲ್ಲ. ಮರುದಿನವೂ ಅಷ್ಟೇ. ಮೂರನೆಯ ದಿನ ಗರಗಸದ ಪಟ್ಟಿಗಳನ್ನೆಲ್ಲ ಮೂಲೆಗೆ ಜೋಡಿಸಿಟ್ಟು ಬಂದು, "ಆ ಡಾಕ್ಟರು ಯಾವಾಗ ಸಿಗ್ತಾರೆ? ಕೇಳಿ ನೋಡು" ಅಂದ. ಆಸ್ಪತ್ರೆಯಲ್ಲಿ ಒಳಗೆ ಕರೆಯುವ ತನಕ ಅವಳ ಮಣಿಕಟ್ಟನ್ನು ಬಿಡದೆ ಹಿಡಿದುಕೊಂಡಿದ್ದ. ಇಷ್ಟು ಜೋರಾಗಿ ಅವನು ಸುತ್ತಿಗೆಯನ್ನೂ ಹಿಡಿದಿರಲಿಲ್ಲ.

ಒಂದರ ಹಿಂದೆ ಒಂದರಂತೆ ಎರಡೂ ಕಣ್ಣಿನ ಪೊರೆ ತೆಗೆದರು. ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ಮಾರನೆಯ ಬೆಳಿಗ್ಗೆ ಅವಳು ಚಹಾ ತಂದು ಕೊಟ್ಟಳು. ಚಾಕಣ್ಣ ಲೋಟ ನೋಡಿದ. "ಬಿಳಿ" ಅಂದ, ಅವಳ ತಪ್ಪೋ ಎಂಬಂತೆ. ಆಮೇಲೆ ಲೋಟ ಹಿಡಿದಿದ್ದ ಅವಳ ಕೈ ನೋಡಿದ. ಬೆರಳ ತುದಿಗಳಲ್ಲಿ, ಮಣಿಕಟ್ಟಿನ ಒಳಗೆ, ಹಳೆಯವು ಕಪ್ಪಾಗಿ ಹೊಸವು ಕೆಂಪಗೆ, ಸುಟ್ಟ ಗೀರುಗಳು. ಆಸ್ಪತ್ರೆಯಲ್ಲಿ ಅವನು ಜೋರಾಗಿ ಹಿಡಿದಿದ್ದದ್ದೂ ಅಲ್ಲೇ.

"ನೋವಾಗ್ತಿದೆ ಅಂತ ಒಂದು ಮಾತು ಹೇಳೋದಲ್ವೇನೇ?"

"ಹೇಳಿದ್ರೆ ಕೈ ಬಿಟ್ಬಿಡ್ತಿದ್ರಿ."

ಚಹಾ ಆರಿಹೋಯಿತು. ಬಗ್ಗಬೇಡಿ, ಬೆಂಕಿಯ ಹತ್ತಿರ ಹೋಗಬೇಡಿ ಅಂತ ಡಾಕ್ಟರು ಹೇಳಿದ್ದ ದಿನಗಳನ್ನು ಅವನು ಹಲ್ಲು ಕಚ್ಚಿಕೊಂಡು ಕಳೆದ. ಅವು ಮುಗಿದದ್ದೇ ಶೆಡ್ಡಿಗೆ ಹೋಗಿ ಮೊದಲು ಮಾಡಿದ್ದು ಚಾಕುವಲ್ಲ, ಒಂದು ಇಕ್ಕಳ. ಉದ್ದ ಕಾಲಿನದು, ಹಗುರ, ಅವಳ ಅಂಗೈ ಅಳತೆಯದು.

"ಕಣ್ಣು ಸರಿಹೋಯ್ತಲ್ಲ, ಇನ್ನು ನನಗ್ಯಾಕೆ ಇದು?" ಅಂದಳು ಹಿಡಿಯಕ್ಕ.

ಅವನು ಹದದ ಒಲೆಯ ಮುಂದೆ ತನ್ನ ಮಣೆಯ ಪಕ್ಕ ಇನ್ನೊಂದು ಮಣೆ ಎಳೆದು ಹಾಕಿದ. ಬೆಳ್ಳಗೆ ಉಜ್ಜಿದ ಅಲಗನ್ನು ಕೆಂಡದ ಮೇಲಿಟ್ಟ. ಇಬ್ಬರೂ ಕೂತು ನೋಡಿದರು. ತೆಳು ಹಳದಿ ಎದ್ದಿತು, ನಿಧಾನಕ್ಕೆ ಗಾಢವಾಯಿತು. ಅವನಿಗೆ ಅದೀಗ ಚೆನ್ನಾಗಿಯೇ ಕಾಣುತ್ತಿತ್ತು.

"ಬಂತೇನೇ?" ಅಂತ ಕೇಳಿದ.

ಅವಳು ಇನ್ನೊಂದು ಕ್ಷಣ ಕಾದಳು. "ಬಂತು" ಅಂದು, ಇಕ್ಕಳದಲ್ಲಿ ಹಿಡಿದು ತೆಗೆದಳು.